ಡ್ಯುಯಲ್ ಬೂಟ್ ಲ್ಯಾಪ್‌ಟಾಪ್‌ನಲ್ಲಿ ಕಾಣಿಸದ ಯುಎಸ್‌ಬಿ ಅಡಾಪ್ಟರ್‌ಗಳು: ನನ್ನ ಅನುಭವ

ನನ್ನ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ 11 ಮತ್ತು ಲಿನಕ್ಸ್‌ನ ಒಂದು ರೂಪವಾದ ಉಬುಂಟು 22.04 ಎರಡೂ ಇವೆ; ಚಾಲೂ ಮಾಡುವಾಗ ಬೇಕಾದುದನ್ನು ಆರಿಸಿಕೊಳ್ಳುವ ಈ ಏರ್ಪಾಡೇ ಡ್ಯುಯಲ್ ಬೂಟ್. ಕಚೇರಿಯ ಕಡತಗಳಿಗೆ ಮೊದಲನೆಯದು, ಎಲೆಕ್ಟ್ರಾನಿಕ್ಸ್ ಪ್ರಯೋಗಾಲಯದ ಕೆಲಸಕ್ಕೆ ಎರಡನೆಯದು. ವಿಂಡೋಸ್‌ನಲ್ಲಿ ಯಾವ ತಕರಾರೂ ಇಲ್ಲದೆ ನಡೆಯುತ್ತಿದ್ದ ಒಂದು ವೈಫೈ ಅಡಾಪ್ಟರ್ ಮತ್ತು ಎಲೆಕ್ಟ್ರಾನಿಕ್ ಬೋರ್ಡುಗಳೊಡನೆ ಸಂವಹಿಸಲು ಬಳಸುವ ಒಂದು ಯುಎಸ್‌ಬಿ-ಸೀರಿಯಲ್ ಅಡಾಪ್ಟರ್ ಉಬುಂಟುವಿನಲ್ಲಿ ಮಾತ್ರ ಕೆಲಸಕ್ಕೆ ಬಾರದೇ ಹೋದಾಗ, ಡ್ರೈವರ್ (ಸಾಧನವನ್ನು ನಡೆಸುವ ತಂತ್ರಾಂಶ) ಹುಡುಕಲು ಹೊರಡುವ ಮೊದಲು ತೊಂದರೆ ಯಾವ ಹಂತದಲ್ಲಿದೆ ಎಂಬುದನ್ನು ಗೊತ್ತುಮಾಡಿಕೊಳ್ಳಲು ನಿರ್ಧರಿಸಿದೆ. ಒಂದೇ ಯಂತ್ರದಲ್ಲಿ ಎರಡು ಆಪರೇಟಿಂಗ್ ಸಿಸ್ಟಂಗಳಿರುವುದು ಇಂತಹ ಸಂದರ್ಭದಲ್ಲಿ ದೊಡ್ಡ ಅನುಕೂಲ: ಪೋರ್ಟ್, ಕೇಬಲ್, ಅಡಾಪ್ಟರ್ ಮೂರೂ ಅವೇ ಆಗಿರುವುದರಿಂದ, ಒಂದರಲ್ಲಿ ನಡೆದು ಇನ್ನೊಂದರಲ್ಲಿ ನಡೆಯದಿದ್ದರೆ ಯಂತ್ರಾಂಶದ ಮೇಲಿನ ಅನುಮಾನ ಬಹುಮಟ್ಟಿಗೆ ಕಳೆಯುತ್ತದೆ.

ಉಬುಂಟುವಿನಲ್ಲಿ ಟರ್ಮಿನಲ್ ತೆರೆದು, ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ನ ಸಂದೇಶಗಳನ್ನು ತೋರಿಸುವ ಡಿಮೆಸೆಜ್ ಕಮಾಂಡನ್ನು ಚಾಲೂ ಇಟ್ಟುಕೊಂಡು ಆಮೇಲೆ ಅಡಾಪ್ಟರ್ ಚುಚ್ಚುವುದು ನನ್ನ ಪದ್ಧತಿ. ಚುಚ್ಚಿದ ಮೇಲೆ ಒಂದು ಸಾಲೂ ಬರದಿದ್ದರೆ ವಿದ್ಯುತ್ ಮಾತ್ರ ಹರಿಸುವ ಚಾರ್ಜಿಂಗ್ ಕೇಬಲ್ ಬಳಸಿರಬಹುದು, ಅಥವಾ ಪೋರ್ಟೇ ಸತ್ತಿರಬಹುದು. ಸಾಧನದ ವಿವರ ಓದಲಾಗಲಿಲ್ಲ ಎಂಬ ಸಾಲಿನ ಕೊನೆಯಲ್ಲಿ -71 ಎಂದಿದ್ದರೆ ಸಂವಹನವೇ ಕೆಟ್ಟಿದೆ ಎಂದೂ, -110 ಎಂದಿದ್ದರೆ ಸಾಧನ ಕಾಲಮಿತಿಯೊಳಗೆ ಉತ್ತರಿಸಲಿಲ್ಲ ಎಂದೂ ಅರ್ಥ. ಇದೇ ತೊಂದರೆ ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತಿನೊಂದಿಗೆ ಕೋಡ್ 43 ಎಂದು ಕಾಣುತ್ತದೆ. ಎರಡೂ ಕಡೆ ಹೀಗಾದರೆ ನಾನು ಡ್ರೈವರ್ ಗೊಡವೆಗೆ ಹೋಗುವುದಿಲ್ಲ. ಹಬ್ ತೆಗೆದು ನೇರವಾಗಿ ಲ್ಯಾಪ್‌ಟಾಪ್‌ಗೆ ಚುಚ್ಚುತ್ತೇನೆ, ಕೇಬಲ್ ಬದಲಿಸುತ್ತೇನೆ. ಯುಎಸ್‌ಬಿ 2.0 ಪೋರ್ಟ್ 500 ಮಿಲಿಆಂಪಿಯರ್, 3.0 ಪೋರ್ಟ್ 900 ಮಿಲಿಆಂಪಿಯರ್ ಕೊಡಬೇಕೆಂಬುದು ನಿಯಮವಾದರೂ, ಸ್ವಂತ ವಿದ್ಯುತ್ ಪೂರೈಕೆ ಇಲ್ಲದ ಅಗ್ಗದ ಹಬ್‌ನಲ್ಲಿ ಅಷ್ಟನ್ನೇ ಎಲ್ಲ ಸಾಧನಗಳೂ ಹಂಚಿಕೊಳ್ಳಬೇಕಾಗುತ್ತದೆ.

ವೈಫೈ ಅಡಾಪ್ಟರ್‌ನ ಕತೆ ಬೇರೆ. ಸಾಧನಗಳ ಪಟ್ಟಿ ಕೊಡುವ ಎಲ್‌ಎಸ್‌ಯುಎಸ್‌ಬಿ ಕಮಾಂಡ್‌ನಲ್ಲಿ ಅದು ರಿಯಲ್‌ಟೆಕ್ ಹೆಸರಿನಲ್ಲಿಯೇ ಕಾಣುತ್ತಿತ್ತು, ಆದರೆ ಅದರ ಗುರುತು ಸಂಖ್ಯೆ 0ಬಿಡಿಎ:1ಎ2ಬಿ ಎಂದಿದ್ದು, ಮುಂದೆ ಆವರಣದಲ್ಲಿ ‘ಡ್ರೈವರ್ ಸಿಡಿರಾಮ್ ಮೋಡ್’ ಎಂಬ ಮಾತಿತ್ತು. ಅಂದರೆ ಅದು ವೈಫೈ ಸಾಧನವಾಗಿ ಅಲ್ಲ, ಸಿಡಿ ಡ್ರೈವ್ ವೇಷದಲ್ಲಿ ಕುಳಿತಿತ್ತು. ವಿಂಡೋಸ್ ಬಳಕೆದಾರರಿಗೆ ಡ್ರೈವರ್ ಸಿಡಿಯನ್ನು ಬೇರೆಯಾಗಿ ಕೊಡುವುದು ತಪ್ಪಲಿ ಎಂದು ತಯಾರಕರು ಡ್ರೈವರನ್ನು ಅಡಾಪ್ಟರ್‌ನೊಳಗೇ ಇಟ್ಟಿರುತ್ತಾರೆ. ಅದು ಒಮ್ಮೆ ಇನ್‌ಸ್ಟಾಲ್ ಆದ ಮೇಲೆ ಸಾಧನವನ್ನು ವೈಫೈ ರೂಪಕ್ಕೆ ತಿರುಗಿಸುವ ಕೆಲಸವನ್ನು ವಿಂಡೋಸ್ ಡ್ರೈವರ್ ಸದ್ದಿಲ್ಲದೆ ಮಾಡುತ್ತದೆ. ಲಿನಕ್ಸ್‌ನಲ್ಲಿ ಆ ಕೆಲಸಕ್ಕೆ ಯುಎಸ್‌ಬಿ-ಮೋಡ್‌ಸ್ವಿಚ್ ಎಂಬ ಪ್ಯಾಕೇಜ್ ಇದೆ. ಅದನ್ನು ಹಾಕಿಕೊಂಡು ಈ ಗುರುತು ಸಂಖ್ಯೆಯನ್ನು ಕೊಟ್ಟು ನಡೆಸಿದಾಗ, ಡಿಮೆಸೆಜ್ ಪರದೆಯಲ್ಲಿ ಸಾಧನ ಕಳಚಿದ ಸಾಲು ಬಂದು, ಮರುಕ್ಷಣವೇ 0ಬಿಡಿಎ:ಸಿ811 ಎಂಬ ಹೊಸ ಸಂಖ್ಯೆಯೊಂದಿಗೆ ಅದೇ ಸಾಧನ ಮತ್ತೆ ಸೇರಿಕೊಂಡಿತು.

ಸಂಖ್ಯೆ ಬದಲಾದರೂ ವೈಫೈ ಜಾಲಗಳ ಪಟ್ಟಿ ಬರಲಿಲ್ಲ, ಏಕೆಂದರೆ ಉಬುಂಟು 22.04ರೊಂದಿಗೆ ಮೊದಲು ಬಂದ 5.15 ಕರ್ನಲ್‌ನಲ್ಲಿ ಈ ಅಡಾಪ್ಟರ್‌ನೊಳಗಿನ 8811ಸಿಯು ಚಿಪ್‌ಗೆ ಡ್ರೈವರ್ ಇಲ್ಲ. ಈ ವರ್ಗದ ರಿಯಲ್‌ಟೆಕ್ ಯುಎಸ್‌ಬಿ ಚಿಪ್‌ಗಳ ಬೆಂಬಲ ಮೂಲ ಕರ್ನಲ್‌ಗೆ ಸೇರಿದ್ದು 2023ರ ಫೆಬ್ರವರಿಯಲ್ಲಿ ಬಂದ 6.2ರಲ್ಲಿ. ಹೊರಗಿನ ಸೋರ್ಸ್ ಕೋಡ್ ತಂದು ಡಿಕೆಎಂಎಸ್ (ಕರ್ನಲ್ ಬದಲಾದಾಗಲೆಲ್ಲ ಡ್ರೈವರನ್ನು ಮತ್ತೆ ಕಟ್ಟುವ ವ್ಯವಸ್ಥೆ) ಮೂಲಕ ಕಟ್ಟಿಕೊಳ್ಳುವ ದಾರಿಯೂ ಇದೆ, ಆದರೆ ಅದು ನನಗೆ ಒಗ್ಗದು: ನಂಬಲರ್ಹ ತಂತ್ರಾಂಶ ಮಾತ್ರ ಬೂಟ್ ಆಗುವಂತೆ ಕಾಯುವ ಸೆಕ್ಯೂರ್ ಬೂಟ್ ಚಾಲೂ ಇರುವ ಲ್ಯಾಪ್‌ಟಾಪ್‌ನಲ್ಲಿ ಡಿಜಿಟಲ್ ಸಹಿ ಇಲ್ಲದ ಡ್ರೈವರ್ ಮಾಡ್ಯೂಲನ್ನು ಕರ್ನಲ್ ಒಳಗೆ ಬಿಟ್ಟುಕೊಳ್ಳುವುದಿಲ್ಲ, ಹಾಗಾಗಿ ಮುಂದಿನ ಬೂಟ್‌ನಲ್ಲಿ ಬರುವ ನೀಲಿ ಪರದೆಯಲ್ಲಿ ನಮ್ಮ ಕೀಲಿಯನ್ನು ದಾಖಲಿಸಬೇಕಾಗುತ್ತದೆ. ಆ ರಗಳೆ ಬೇಡವೆಂದು ಸೆಕ್ಯೂರ್ ಬೂಟನ್ನೇ ಆಫ್ ಮಾಡಿಬಿಡಿ ಎಂದು ಹಲವರು ಸಲಹೆ ಕೊಡುತ್ತಾರೆ. ಬರೀ ಲಿನಕ್ಸ್ ಇರುವವರಿಗೆ ಅದು ನಡೆದೀತು. ಡ್ಯುಯಲ್ ಬೂಟ್‌ನಲ್ಲಿ ವಿಂಡೋಸ್ ಡಿಸ್ಕಿಗೆ ಬಿಟ್‌ಲಾಕರ್ (ಡಿಸ್ಕನ್ನು ಗೂಢಲಿಪೀಕರಿಸುವ ವ್ಯವಸ್ಥೆ) ಹಾಕಿದ್ದರೆ, ಮುಂದಿನ ಸಲ ವಿಂಡೋಸ್ 48 ಅಂಕಿಗಳ ರಿಕವರಿ ಕೀ ಕೇಳಿ ನಿಲ್ಲುವ ಸಾಧ್ಯತೆಯಿದೆ. ನಾನು ಸೆಕ್ಯೂರ್ ಬೂಟ್ ಮುಟ್ಟದೆ, ಉಬುಂಟು ತಾನೇ ಸಹಿ ಹಾಕಿ ಕೊಡುವ 6.8 ಕರ್ನಲ್‌ಗೆ ಬದಲಾಯಿಸಿಕೊಂಡೆ. ಡ್ರೈವರ್ ತಾನಾಗಿಯೇ ಲೋಡ್ ಆಯಿತು.

ಪರೀಕ್ಷೆ ಮಾಡುವಾಗ ದಾರಿ ತಪ್ಪಿಸುವ ಇನ್ನೊಂದು ಸಂಗತಿಯಿದೆ. ವಿಂಡೋಸ್‌ನಿಂದ ರೀಸ್ಟಾರ್ಟ್ ಮಾಡಿ ಉಬುಂಟುವಿಗೆ ಬಂದರೆ ಪೋರ್ಟಿನ ವಿದ್ಯುತ್ ಕಡಿಯದೇ ಇರುವುದರಿಂದ, ವಿಂಡೋಸ್ ತಿರುಗಿಸಿಟ್ಟ ರೂಪದಲ್ಲಿಯೇ ಅಡಾಪ್ಟರ್ ಉಳಿದು, ಉಬುಂಟುವಿನಲ್ಲಿ ಎಲ್ಲವೂ ಸರಿಯಿದೆ ಎನ್ನಿಸುವುದುಂಟು. ಮರುದಿನ ತಣ್ಣಗಿನ ಯಂತ್ರವನ್ನು ಚಾಲೂ ಮಾಡಿದಾಗ ಹಳೆಯ ತೊಂದರೆ ಮರಳುತ್ತದೆ. ಅದಕ್ಕೇ ಅಡಾಪ್ಟರನ್ನು ಕಿತ್ತು, ಯಂತ್ರವನ್ನು ಪೂರ್ತಿ ಆರಿಸಿ ನಂತರವೇ ನೋಡಬೇಕು. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಚಾಲೂ ಇದ್ದರೆ ಶಟ್‌ಡೌನ್ ಒತ್ತಿದರೂ ಅದು ಪೂರ್ತಿ ಆರುವುದಿಲ್ಲ: ಕರ್ನಲ್ ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು ಮಲಗುತ್ತದೆ. ಅದರಿಂದ ಕೆಲವು ಸಾಧನಗಳು ಅರೆನಿದ್ರೆಯಲ್ಲಿ ಉಳಿಯುತ್ತವೆ, ವಿಂಡೋಸ್ ಪಾರ್ಟಿಷನ್ನನ್ನು ಉಬುಂಟು ಬರೆಯಲು ಬಿಡದೆ ಓದಲು ಮಾತ್ರ ತೆರೆಯುತ್ತದೆ. ಡ್ಯುಯಲ್ ಬೂಟ್ ಮಾಡಿಕೊಂಡವರು ಪವರ್ ಆಯ್ಕೆಗಳಿಗೆ ಹೋಗಿ ಇದನ್ನು ಮೊದಲ ದಿನವೇ ಆಫ್ ಮಾಡುವುದು ಲೇಸು.

ಸೀರಿಯಲ್ ಅಡಾಪ್ಟರ್‌ನಲ್ಲಿದ್ದುದು ಅಗ್ಗದ ಆರ್ಡುಯಿನೊ ಮಾದರಿಯ ಬೋರ್ಡುಗಳಲ್ಲಿ ಕಾಣುವ ಸಿಎಚ್340 ಚಿಪ್. ಇದರ ಡ್ರೈವರ್ ಲಿನಕ್ಸ್ ಕರ್ನಲ್‌ನಲ್ಲಿ ಬಹಳ ಹಿಂದಿನಿಂದಲೂ ಇದೆ. ಡಿಮೆಸೆಜ್ ಸಾಲುಗಳನ್ನು ಓದಿದಾಗ ಟಿಟಿವೈಯುಎಸ್‌ಬಿ0 ಎಂಬ ಪೋರ್ಟ್ ಹುಟ್ಟಿದ್ದು, ತಕ್ಷಣವೇ ಬಿಆರ್‌ಎಲ್‌ಟಿಟಿವೈ ಎಂಬ ಪ್ರೋಗ್ರಾಂ ಸಾಧನಕ್ಕೆ ಕೈಹಾಕಿದ್ದು, ಅದರ ಹಿಂದೆಯೇ ಪೋರ್ಟ್ ಮಾಯವಾದದ್ದು, ಮೂರೂ ಒಂದರ ಕೆಳಗೊಂದು ದಾಖಲಾಗಿದ್ದವು. ಆ ಪ್ರೋಗ್ರಾಂ ಇರುವುದು ದೃಷ್ಟಿಹೀನರು ಬಳಸುವ ಬ್ರೈಲ್ ಫಲಕಗಳಿಗಾಗಿ. ಅಂತಹ ಒಂದು ಫಲಕವೂ ಇದೇ ಚಿಪ್‌ನ 1ಎ86:7523 ಎಂಬ ಸಂಖ್ಯೆಯನ್ನೇ ಬಳಸುವುದರಿಂದ, ಉಬುಂಟು 22.04ರಲ್ಲಿ ಅದು ನಮ್ಮ ಅಡಾಪ್ಟರನ್ನೂ ಬ್ರೈಲ್ ಫಲಕವೆಂದೇ ತಿಳಿದು ಹಿಡಿದುಕೊಳ್ಳುತ್ತದೆ. ನನ್ನದು ನಾನೊಬ್ಬನೇ ಬಳಸುವ ಲ್ಯಾಪ್‌ಟಾಪ್ ಆದ್ದರಿಂದ ಪ್ಯಾಕೇಜನ್ನೇ ತೆಗೆದುಹಾಕಿದೆ. ಪ್ರಯೋಗಾಲಯದಲ್ಲಿ ಎಲ್ಲರೂ ಬಳಸುವ ಕಂಪ್ಯೂಟರ್‌ಗಳಲ್ಲಿ ಮಾತ್ರ ಹಾಗೆ ಮಾಡಲಿಲ್ಲ. ಅಲ್ಲಿ ಯಾರಿಗಾದರೂ ಬ್ರೈಲ್ ಫಲಕ ಬೇಕಾಗಬಹುದೆಂದು, ಯಾವ ಸಾಧನ ಸೇರಿದಾಗ ಏನು ಮಾಡಬೇಕೆಂದು ಹೇಳುವ ಯುಡೆವ್ ನಿಯಮಗಳ ಕಡತದಲ್ಲಿ ಈ ಒಂದು ಸಂಖ್ಯೆಯ ಸಾಲನ್ನಷ್ಟೇ ನಿಷ್ಕ್ರಿಯಗೊಳಿಸಿದೆ. ಆಮೇಲೂ ಅನುಮತಿ ಇಲ್ಲವೆಂಬ ಸಂದೇಶ ಬಂದರೆ, ಬಳಕೆದಾರರ ಹೆಸರನ್ನು, ಸೀರಿಯಲ್ ಪೋರ್ಟ್ ಬಳಸಲು ಅನುಮತಿಯಿರುವ ಡಯಲ್‌ಔಟ್ ಗುಂಪಿಗೆ ಸೇರಿಸಿ, ಒಮ್ಮೆ ಲಾಗ್‌ಔಟ್ ಮಾಡಿ ಒಳಬರಬೇಕು.

ಇವಲ್ಲದೆ, ಚೆನ್ನಾಗಿಯೇ ಕಾಣಿಸಿಕೊಂಡು ಸ್ವಲ್ಪ ಹೊತ್ತು ಬಿಟ್ಟು ಮಾಯವಾಗುವ ಅಡಾಪ್ಟರ್‌ಗಳೂ ಇವೆ. ಅಲ್ಲಿ ನಾನು ಮೊದಲು ನೋಡುವುದು ವಿದ್ಯುತ್ ಉಳಿತಾಯದ ವ್ಯವಸ್ಥೆಯನ್ನು. ಬ್ಯಾಟರಿ ಉಳಿಸಲು ಉಬುಂಟುವಿನಲ್ಲಿ ಟಿಎಲ್‌ಪಿ ಹಾಕಿಕೊಂಡಿದ್ದರೆ, ಸುಮ್ಮನಿರುವ ಯುಎಸ್‌ಬಿ ಸಾಧನಗಳನ್ನು ಅದು ಮಲಗಿಸುತ್ತದೆ. ಹೊರಗಿಡುವ ಸಾಧನಗಳ ಪಟ್ಟಿಗೆ ಅಡಾಪ್ಟರ್‌ನ ಗುರುತು ಸಂಖ್ಯೆಯನ್ನು ಸೇರಿಸಿದರೆ ಸಾಕು. ವಿಂಡೋಸ್‌ನಲ್ಲಿ ಇದಕ್ಕೆ ಸಮನಾದ ಸೆಲೆಕ್ಟಿವ್ ಸಸ್ಪೆಂಡ್ ಆಯ್ಕೆ ಪವರ್ ಪ್ಲಾನ್‌ನ ಮುಂದುವರಿದ ಸೆಟ್ಟಿಂಗ್‌ಗಳಲ್ಲಿದೆ. ಒಂದು ಕಡೆ ಬದಲಾಯಿಸಿದ್ದು ಇನ್ನೊಂದು ಕಡೆಗೆ ಅನ್ವಯವಾಗುವುದಿಲ್ಲವಾದ್ದರಿಂದ, ಎರಡರಲ್ಲೂ ಬೇರೆ ಬೇರೆಯಾಗಿಯೇ ಮಾಡಿಕೊಳ್ಳಬೇಕು.