ಅಲೈನ್‌ಮೆಂಟ್ ಆದಮೇಲೂ ಸ್ಟೀರಿಂಗ್ ಸೊಟ್ಟ: ಟೈ ರಾಡ್ ತಿರುಗಿಸಿ ಸರಿ ಮಾಡಿಕೊಂಡೆ

ಹೊಸ ಟೈರ್ ಹಾಕಿಸಿದ ದಿನವೇ ವೀಲ್ ಅಲೈನ್‌ಮೆಂಟ್ ಕೂಡ ಮಾಡಿಸಿದೆ. ಕೈಗೆ ಕೊಟ್ಟ ಪ್ರಿಂಟ್‌ನಲ್ಲಿ ಎಲ್ಲ ಅಂಕಿಗಳೂ ಹಸಿರು ಬಣ್ಣದಲ್ಲಿದ್ದವು. ನೇರ ರಸ್ತೆಗೆ ಬಂದ ಕೂಡಲೇ ಗೊತ್ತಾಯಿತು, ಕಾರು ನೇರ ಹೋಗುತ್ತಿದೆ, ಸ್ಟೀರಿಂಗ್ ಮಾತ್ರ ಎಡಕ್ಕೆ ವಾಲಿದೆ. ವಾಪಸ್ ಹೋದೆ, ಇನ್ನೊಂದು ಸಲ ಮಾಡಿಕೊಟ್ಟರು. ಮತ್ತೆ ಅದೇ ಸೊಟ್ಟ. ಮೂರನೇ ಸಲ ಹೋದಾಗ "ಸ್ಟೀರಿಂಗ್ ಬಿಚ್ಚಿ ಒಂದು ಹಲ್ಲು ತಿರುಗಿಸಿ ಹಾಕಿಬಿಡೋಣ ಸಾರ್, ಹತ್ತು ನಿಮಿಷದ ಕೆಲಸ" ಅಂದರು. ಬೇಡ ಅಂತ ಹೇಳಿ ಕಾರು ಮನೆಗೆ ತಂದೆ.

ಯಾಕೆ ಬೇಡ ಅಂದೆ ಅನ್ನೋದೇ ಇಲ್ಲಿ ಮುಖ್ಯ. ಸ್ಟೀರಿಂಗ್ ಚಕ್ರ ಕೂತಿರುವುದು ಹಲ್ಲುಗಳಿರುವ ಒಂದು ಶಾಫ್ಟ್ ಮೇಲೆ. ಒಂದೊಂದು ಹಲ್ಲಿನ ಲೆಕ್ಕದಲ್ಲೇ ಅದನ್ನು ತಿರುಗಿಸಿ ಕೂರಿಸಬೇಕು, ಎರಡರ ಮಧ್ಯೆ ನಿಲ್ಲಿಸೋಕೆ ಆಗಲ್ಲ. ಎಷ್ಟೋ ಕಾರುಗಳಲ್ಲಿ ಒಂದೇ ರೀತಿಯಲ್ಲಿ ಕೂರುವ ಹಾಗೆ ಹಲ್ಲು ಮಾಡಿರುತ್ತಾರೆ. ಏರ್‌ಬ್ಯಾಗ್ ಬಿಚ್ಚಬೇಕು, ಅದರ ಹಿಂದಿನ ಕ್ಲಾಕ್ ಸ್ಪ್ರಿಂಗ್ (ಏರ್‌ಬ್ಯಾಗ್‌ಗೆ ವಿದ್ಯುತ್ ಸಂಪರ್ಕ ಕೊಡುವ ಸುರುಳಿ ತಂತಿ) ಸ್ಥಾನ ತಪ್ಪಿದರೆ ಮುಂದೊಂದು ದಿನ ಕಿತ್ತುಕೊಳ್ಳುತ್ತದೆ. ಇಷ್ಟೆಲ್ಲ ಮಾಡಿದರೂ, ಸ್ಟೀರಿಂಗ್ ತಿರುಗಿಸಿದಾಗ ಎಡಬಲ ಸರಿದು ಚಕ್ರಗಳನ್ನು ತಿರುಗಿಸುವ ಕೆಳಗಿನ ಹಲ್ಲಿನ ಕಂಬಿ, ಅಂದರೆ ರ್‍ಯಾಕ್ ಸೊಟ್ಟಗೇ ಉಳಿಯುತ್ತದೆ. ಒಂದು ಕಡೆ ಜಾಸ್ತಿ ತಿರುಗುತ್ತದೆ, ಇನ್ನೊಂದು ಕಡೆ ಕಮ್ಮಿ.

ನನ್ನ ಸ್ಟೀರಿಂಗ್ ಅದರ ಜಾಗದಲ್ಲಿ ಸರಿಯಾಗಿಯೇ ಕೂತಿತ್ತು ಅಂತ ಹೇಗೆ ಗೊತ್ತಾಯಿತು ಅಂದರೆ, ಎಂಜಿನ್ ಚಾಲೂ ಮಾಡಿ, ಸ್ಟೀರಿಂಗ್ ಪೂರ್ತಿ ಎಡಕ್ಕೆ ತಿರುಗಿಸಿದೆ. ಅಲ್ಲಿಂದ ಬಲದ ಕೊನೆವರೆಗೆ ಎಣಿಸಿದೆ. ಸರಿಯಾಗಿ ಮೂರು ಸುತ್ತು. ಒಂದೂವರೆ ಸುತ್ತು ವಾಪಸ್ ಬಂದಾಗ ಸ್ಟೀರಿಂಗ್ ಕಡ್ಡಿಗಳು ಸಮವಾಗಿ ನಿಂತವು. ಅಂದರೆ ರ್‍ಯಾಕ್ ನಡುವಿನಲ್ಲಿದ್ದಾಗ ಸ್ಟೀರಿಂಗ್ ಕೂಡ ನೇರ ಇದೆ. ತಪ್ಪಿರುವುದು ರ್‍ಯಾಕ್‌ನಿಂದ ಚಕ್ರಕ್ಕೆ ಹೋಗುವ ಟೈ ರಾಡ್‌ಗಳ ಉದ್ದದಲ್ಲಿ.

ಇನ್ನೊಂದು ವಿಷಯ ಮೊದಲೇ ಬಿಡಿಸಿಕೊಳ್ಳಬೇಕು. ಕಾರು ಒಂದು ಕಡೆಗೆ ಎಳೆಯುವುದು ಬೇರೆ, ನೇರ ಹೋಗುವಾಗ ಸ್ಟೀರಿಂಗ್ ಸೊಟ್ಟಗಿರುವುದು ಬೇರೆ. ಎಳೆತ ಇದ್ದರೆ ಟೈರ್ ಗಾಳಿ, ಟೈರ್ ದೋಷ, ಹಿಡಿದುಕೊಂಡ ಬ್ರೇಕ್, ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರದ ವಾಲುವಿಕೆ), ಕ್ಯಾಸ್ಟರ್ (ಪಕ್ಕದಿಂದ ನೋಡಿದಾಗ ಚಕ್ರ ತಿರುಗುವ ಅಕ್ಷದ ವಾಲುವಿಕೆ) ಇವನ್ನೆಲ್ಲ ನೋಡಬೇಕು. ರಸ್ತೆಯೇ ಅಂಚಿನ ಕಡೆ ಇಳಿಜಾರಾಗಿದ್ದರೂ ಕಾರು ಸ್ವಲ್ಪ ವಾಲುತ್ತದೆ. ನನ್ನ ಕಾರಿನಲ್ಲಿ ಎಳೆತ ಇರಲಿಲ್ಲ. ನಾಲ್ಕೂ ಟೈರ್ ಗಾಳಿ ಸಮ ಮಾಡಿ, ಸಮತಟ್ಟು ರಸ್ತೆಯಲ್ಲಿ ಎರಡೂ ದಿಕ್ಕಿಗೆ ಓಡಿಸಿ ನೋಡಿದೆ. ಚಕ್ರ ಎತ್ತಿ, ಎಡಬಲ ಹಿಡಿದು ಅಲ್ಲಾಡಿಸಿದೆ, ರಾಡ್ ಚಕ್ರದ ಕಡೆ ಕೂಡುವ ತುದಿಯ ಕೀಲಾದ ಟೈ ರಾಡ್ ಎಂಡ್‌ನಲ್ಲಿ ಆಟ (ಸಡಿಲ) ಇರಲಿಲ್ಲ. ಆಟ ಇದ್ದರೆ ಮುಂದಿನದನ್ನು ಮಾಡಿ ಉಪಯೋಗವಿಲ್ಲ, ಮೊದಲು ಆ ಭಾಗ ಬದಲಾಯಿಸಬೇಕು.

ಹಾಗಾದರೆ ಪ್ರಿಂಟ್‌ನಲ್ಲಿ ಎಲ್ಲ ಹಸಿರು ಬಂದದ್ದು ಹೇಗೆ? ಅಲೈನ್‌ಮೆಂಟ್ ಮಾಡುವಾಗ ಸ್ಟೀರಿಂಗ್ ಅಲ್ಲಾಡದಂತೆ ನೇರ ಹಿಡಿಸಿ ಕ್ಲ್ಯಾಂಪ್ ಹಾಕಬೇಕು. ಅದು ಏಳೆಂಟು ಡಿಗ್ರಿ ಎಡಕ್ಕೆ ಇದ್ದಾಗ ಕ್ಲ್ಯಾಂಪ್ ಹಾಕಿ ಎರಡೂ ಚಕ್ರದ ಟೋ (ಮೇಲಿನಿಂದ ನೋಡಿದಾಗ ಚಕ್ರದ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ) ಸರಿ ಮಾಡಿದರೆ, ಚಕ್ರಗಳು ನೇರ ನಿಲ್ಲುತ್ತವೆ, ಅಂಕಿಗಳೂ ಸರಿ ಬರುತ್ತವೆ, ಸ್ಟೀರಿಂಗ್ ಸೊಟ್ಟಗೇ ಉಳಿಯುತ್ತದೆ. ಮೆಷಿನ್ ಚಕ್ರಗಳನ್ನು ನೋಡುತ್ತದೆ, ಸ್ಟೀರಿಂಗ್ ನೋಡುವುದು ಮನುಷ್ಯನ ಕಣ್ಣೇ. ಹಿಂದಿನ ಚಕ್ರಗಳ ಟೋ ತಪ್ಪಿದ್ದರೂ ಸ್ಟೀರಿಂಗ್ ಸೊಟ್ಟಗಾಗುತ್ತದೆ. ನನ್ನ ಪ್ರಿಂಟ್‌ನಲ್ಲಿ ಹಿಂದಿನ ಅಂಕಿಗಳು ಸರಿ ಇದ್ದವು, ಅದಕ್ಕೇ ಮುಂದುವರಿದೆ.

ಎಷ್ಟು ಸೊಟ್ಟ ಅಂತ ಅಳೆಯದೆ ಸ್ಪ್ಯಾನರ್ ಮುಟ್ಟಬಾರದು ಅಂತ ನಿಶ್ಚಯಿಸಿದ್ದೆ. ಸ್ಟೀರಿಂಗ್ ನೆತ್ತಿಯ ಮೇಲೆ ಒಂದು ತುಂಡು ಮಾಸ್ಕಿಂಗ್ ಟೇಪ್, ಅದರ ಎದುರಿಗೆ ಡ್ಯಾಶ್‌ಬೋರ್ಡ್ ಮೇಲೆ ಇನ್ನೊಂದು. ನೇರ ರಸ್ತೆಯಲ್ಲಿ ಪಕ್ಕದಲ್ಲಿ ಕೂತವರಿಗೆ ಗುರುತು ಹಾಕೋಕೆ ಹೇಳಿದೆ. ಎರಡೂವರೆ ಸೆಂ.ಮೀ. ಎಡಕ್ಕೆ ಬಂತು. ನನ್ನ ಸ್ಟೀರಿಂಗ್ ಅಗಲ 38 ಸೆಂ.ಮೀ., ಸುತ್ತಳತೆ ಸುಮಾರು 119. ಅಂದರೆ 1 ಸೆಂ.ಮೀ.ಗೆ 3 ಡಿಗ್ರಿ. ಒಟ್ಟು ಏಳೂವರೆ ಡಿಗ್ರಿ.

ಈಗ ಟೈ ರಾಡ್ ಲೆಕ್ಕ. ನನ್ನ ಟೈ ರಾಡ್‌ನ ಥ್ರೆಡ್ ಅಂತರ 1.5 ಮಿ.ಮೀ., ಅಂದರೆ ಒಂದು ಸುತ್ತಿಗೆ ಉದ್ದ ಅಷ್ಟೇ ಬದಲಾಗುತ್ತದೆ. ಚಕ್ರದ ಸ್ಟೀರಿಂಗ್ ಆರ್ಮ್ (ಟೈ ರಾಡ್ ತಳ್ಳುವ ತೋಳು) ಸುಮಾರು 13 ಸೆಂ.ಮೀ., ಆದ್ದರಿಂದ ಚಕ್ರ ಮುಕ್ಕಾಲು ಡಿಗ್ರಿಗಿಂತ ಸ್ವಲ್ಪ ಕಮ್ಮಿ ತಿರುಗುತ್ತದೆ. ಸ್ಟೀರಿಂಗ್ ಅನುಪಾತ 16ಕ್ಕೆ 1, ಅಂದರೆ ಸ್ಟೀರಿಂಗ್ 16 ಡಿಗ್ರಿ ತಿರುಗಿದರೆ ಚಕ್ರ 1 ಡಿಗ್ರಿ. ಗುಣಿಸಿದರೆ, ಎರಡೂ ಕಡೆ ಒಂದೊಂದು ಸುತ್ತಿಗೆ ಸ್ಟೀರಿಂಗ್ ಹತ್ತು ಡಿಗ್ರಿ ಚಿಲ್ಲರೆ. ನನಗೆ ಬೇಕಿದ್ದದ್ದು ಮುಕ್ಕಾಲು ಸುತ್ತು. ನಿಮ್ಮ ಕಾರಿನ ಅಂಕಿಗಳು ಬೇರೆ ಇರಬಹುದು, ಲೆಕ್ಕದ ದಾರಿ ಇದೇ.

ಇದೆಲ್ಲಕ್ಕೂ ಆಧಾರ ಒಂದೇ ಮಾತು: ಒಂದು ರಾಡ್ ಎಷ್ಟು ಉದ್ದ ಮಾಡುತ್ತೀರೋ, ಇನ್ನೊಂದನ್ನು ಅಷ್ಟೇ ಗಿಡ್ಡ ಮಾಡಬೇಕು. ಆಗ ಎರಡು ಚಕ್ರಗಳ ನಡುವಿನ ಒಟ್ಟು ಟೋ ಹಾಗೇ ಉಳಿಯುತ್ತದೆ, ಎರಡೂ ಚಕ್ರ ಒಟ್ಟಿಗೆ ಒಂದೇ ಕಡೆ ತಿರುಗುತ್ತವೆ. ಒಂದು ಕಡೆಯ ರಾಡ್ ಮಾತ್ರ ತಿರುಗಿಸಿ ಸ್ಟೀರಿಂಗ್ ನೇರ ಮಾಡಿಕೊಂಡರೆ ಟೋ ಕೆಟ್ಟು ಹೊಸ ಟೈರ್ ಅಂಚು ತಿಂದುಹೋಗುತ್ತದೆ.

ಯಾವ ಕಡೆ ಉದ್ದ, ಯಾವ ಕಡೆ ಗಿಡ್ಡ? ಇಲ್ಲಿ ಸುಮಾರು ಜನ ತಡವರಿಸುತ್ತಾರೆ. ನಾನು ಹೀಗೆ ಯೋಚಿಸಿದೆ. ಸ್ಟೀರಿಂಗ್ ಎಡಕ್ಕಿದ್ದಾಗ ಕಾರು ನೇರ ಹೋಗುತ್ತದೆ. ಹಾಗಾದರೆ ಸ್ಟೀರಿಂಗ್ ನೇರ ಹಿಡಿದರೆ ಚಕ್ರಗಳು ಬಲಕ್ಕೆ ನೋಡುತ್ತವೆ. ಆ ಚಕ್ರಗಳನ್ನು ಎಡಕ್ಕೆ ತರಬೇಕು. ನನ್ನ ಕಾರಿನಲ್ಲಿ ಟೈ ರಾಡ್‌ಗಳು ಚಕ್ರದ ನಡುಗೆರೆಗಿಂತ ಹಿಂದಿವೆ. ಚಕ್ರದ ಮುಂಭಾಗ ಎಡಕ್ಕೆ ಹೋಗಬೇಕಾದರೆ ಹಿಂಭಾಗ ಬಲಕ್ಕೆ ಬರಬೇಕು. ಆದ್ದರಿಂದ ಎಡ ರಾಡ್ ಗಿಡ್ಡ, ಬಲ ರಾಡ್ ಉದ್ದ. ಟೈ ರಾಡ್ ಚಕ್ರದ ನಡುಗೆರೆಗಿಂತ ಮುಂದಿದ್ದರೆ ಎಲ್ಲ ಉಲ್ಟಾ.

ಹಿಂದಿನ ರಾತ್ರಿಯೇ, ರಾಡ್ ತಾನಾಗಿ ತಿರುಗದಂತೆ ಹಿಡಿಯುವ ಲಾಕ್ ನಟ್ ಮೇಲೆ ತುಕ್ಕು ಬಿಡಿಸುವ ಎಣ್ಣೆ ಹಾಕಿ, ತಂತಿ ಬ್ರಷ್‌ನಿಂದ ಥ್ರೆಡ್ ಉಜ್ಜಿಟ್ಟಿದ್ದೆ. ಬೆಳಗ್ಗೆ ಹಿಂದಿನ ಚಕ್ರಗಳಿಗೆ ಉರುಳದಂತೆ ಅಡೆ ಕೊಟ್ಟು, ಮುಂಭಾಗ ಎತ್ತಿ ಜಾಕ್ ಸ್ಟ್ಯಾಂಡ್ ಮೇಲೆ ಕೂರಿಸಿದೆ. ಬರೀ ಜಾಕ್ ನಂಬಿ ಕಾರಿನ ಕೆಳಗೆ ಕೈ ಹಾಕಬೇಡಿ. ರಾಡ್, ನಟ್, ಎಂಡ್ ಮೂರನ್ನೂ ಹಾದುಹೋಗುವ ಹಾಗೆ ಬಿಳಿ ಪೇಂಟ್‌ನಿಂದ ಒಂದು ಗೆರೆ ಎಳೆದೆ. ಎಂಡ್ ತಿರುಗದಂತೆ ಒಂದು ಸ್ಪ್ಯಾನರ್‌ನಿಂದ ಹಿಡಿದು, ಇನ್ನೊಂದರಿಂದ ನಟ್ ಸಡಿಲ ಮಾಡಿದೆ. ಬಲದ್ದು ಸುಲಭವಾಗಿ ಬಂತು. ಎಡದ್ದು ಹಟ ಹಿಡಿದಿತ್ತು, ಮತ್ತೆ ಎಣ್ಣೆ ಹಾಕಿ ಕಾದು ಆಮೇಲೆ ಬಿಚ್ಚಿದೆ.

ರಾಡ್ ತಿರುಗಿಸುವ ಮುಂಚೆ ಅದರ ಒಳತುದಿ ಮುಚ್ಚಿರುವ ರಬ್ಬರ್ ಬೂಟ್‌ನ ಸಣ್ಣ ಕ್ಲಿಪ್ ಸಡಿಲಿಸಿ. ಇದನ್ನು ಮರೆತರೆ ಹಿಂಡಿದ ಬಟ್ಟೆಯ ಹಾಗೆ ಬೂಟ್ ತಿರುಚಿಕೊಳ್ಳುತ್ತದೆ, ಸ್ವಲ್ಪ ದಿನಕ್ಕೆ ಹರಿದು ರ್‍ಯಾಕ್ ಒಳಗೆ ನೀರು, ಮಣ್ಣು ಸೇರುತ್ತದೆ. ನಾನು ಬೂಟ್ ಮತ್ತು ರಾಡ್ ನಡುವೆ ಚೂರು ಸಿಲಿಕೋನ್ ಗ್ರೀಸ್ ಸವರಿದೆ, ರಾಡ್ ಒಳಗೇ ನುಣ್ಣಗೆ ತಿರುಗಿತು. ರಾಡ್ ಎಂಡ್‌ನೊಳಗೆ ಹೋಗುತ್ತಿದೆಯೋ ಹೊರಗೆ ಬರುತ್ತಿದೆಯೋ ಅಂತ ಕಣ್ಣಿಂದಲೇ ನೋಡಿಕೊಳ್ಳಿ.

ಮುಕ್ಕಾಲು ಸುತ್ತು ಬೇಕು ಅಂತ ಲೆಕ್ಕ ಹೇಳಿದರೂ ಮೊದಲು ಅರ್ಧ ಸುತ್ತೇ ತಿರುಗಿಸಿದೆ. ಎಡ ಅರ್ಧ ಸುತ್ತು ಗಿಡ್ಡ, ಬಲ ಅರ್ಧ ಸುತ್ತು ಉದ್ದ. ನಟ್ ಬಿಗಿ ಮಾಡಿ ಅದೇ ರಸ್ತೆಗೆ ಹೋದೆ. ಟೇಪ್‌ಗಳ ಅಂತರ 8 ಮಿ.ಮೀ.ಗೆ ಇಳಿದಿತ್ತು. ಬಂದು ಮತ್ತೆ ಕಾಲು ಸುತ್ತು. ಈ ಸಲ ಎರಡು ಟೇಪ್‌ಗಳೂ ಎದುರುಬದುರು ನಿಂತವು. ಎಷ್ಟು ಖುಷಿಯಾಯಿತು ಅಂದರೆ, ಇನ್ನೊಂದು ಸುತ್ತು ಸುಮ್ನೆ ಓಡಿಸಿಕೊಂಡು ಬಂದೆ.

ಕೊನೆಯ ಬಿಗಿ ಮಾಡುವಾಗ ಎಂಡ್‌ನ ಬಾಲ್ ಜಾಯಿಂಟ್ (ಗುಂಡು ಕೀಲು) ಒಂದು ಕಡೆ ವಾಲಿ ಸಿಕ್ಕಿಹಾಕಿಕೊಳ್ಳದಂತೆ ನಡುವಿನಲ್ಲಿ ಹಿಡಿದು, ಮ್ಯಾನುಯಲ್‌ನಲ್ಲಿದ್ದ ಅಳತೆಗೆ ಟಾರ್ಕ್ ರೆಂಚ್ (ಬಿಗಿ ಅಳೆಯುವ ಸ್ಪ್ಯಾನರ್) ಹಾಕಿ ನಟ್ ಬಿಗಿ ಮಾಡಿದೆ. ಬೂಟ್ ಕ್ಲಿಪ್ ವಾಪಸ್, ಹೊಸ ಪೇಂಟ್ ಗೆರೆ.

ಟೋ ಹಾಗೇ ಉಳಿದಿದೆಯೇ ಅಂತ ಬಾಯಿ ಮಾತಿಗೆ ಬಿಡಲಿಲ್ಲ. ಕೆಲಸಕ್ಕೆ ಮೊದಲೇ ಮುಂದಿನ ಎರಡು ಟೈರ್‌ಗಳ ಮೈಮೇಲೆ ಸೀಮೆಸುಣ್ಣದ ಗುರುತು ಮಾಡಿ, ಚಕ್ರದ ನಡುಭಾಗದ ಎತ್ತರದಲ್ಲಿ ಮುಂದುಗಡೆ ಅಳೆದಿದ್ದೆ. ಕಾರನ್ನು ಅರ್ಧ ಸುತ್ತು ಮುಂದೆ ತಳ್ಳಿ, ಅವೇ ಗುರುತುಗಳನ್ನು ಹಿಂದುಗಡೆ ಅಳೆದಿದ್ದೆ. ಮುಂದೆ 2 ಮಿ.ಮೀ. ಕಡಿಮೆ ಇತ್ತು. ಕೆಲಸ ಮುಗಿದ ಮೇಲೂ ಅದೇ 2. ಈ ಅಳತೆಯನ್ನು ಚಕ್ರ ನೆಲದ ಮೇಲಿದ್ದಾಗಲೇ ತೆಗೆಯಬೇಕು, ಜಾಕ್‌ನಿಂದ ಇಳಿಸಿದ ಮೇಲೆ ಸ್ವಲ್ಪ ಹಿಂದೆ ಮುಂದೆ ಉರುಳಿಸಿ ಸಸ್ಪೆನ್ಷನ್ ಕೂರಿಸಿಕೊಂಡು.

ಸ್ಟೀರಿಂಗ್ ಕೋನ ಓದುವ ಸೆನ್ಸರ್ ಇರುವ ಕಾರಾದರೆ ಇನ್ನೊಂದು ಹೆಜ್ಜೆ ಇದೆ. ಕಾರು ಜಾರದಂತೆ ತಡೆಯುವ ವ್ಯವಸ್ಥೆ ಇದೇ ಸೆನ್ಸರ್ ನಂಬಿ ಕೆಲಸ ಮಾಡುತ್ತದೆ. ಸ್ಕ್ಯಾನರ್ ಹಾಕಿ ನೋಡಿದಾಗ, ನೇರ ಹೋಗುವಾಗ ಮೊದಲು 7 ಡಿಗ್ರಿ ತೋರಿಸುತ್ತಿದ್ದದ್ದು ಈಗ ಸೊನ್ನೆಗೆ ಬಂದಿತ್ತು. ಬರೀ ಸ್ಟೀರಿಂಗ್ ಚಕ್ರ ತಿರುಗಿಸಿ ಹಾಕಿದ್ದರೆ ಆ 7 ಡಿಗ್ರಿ ಹಾಗೇ ಇರುತ್ತಿತ್ತು, ಯಾಕಂದರೆ ಶಾಫ್ಟ್ ಇದ್ದಲ್ಲೇ ಇರುತ್ತದೆ, ಅಲ್ವಾ? ಸೊಟ್ಟ ಇದ್ದಾಗಲೇ ಯಾರಾದರೂ ಸೆನ್ಸರ್ ಸೊನ್ನೆ ಮಾಡಿದ್ದರೆ, ನೇರ ಮಾಡಿದ ಮೇಲೆ ಮತ್ತೊಮ್ಮೆ ಸೊನ್ನೆ ಮಾಡಿಸಬೇಕು.

ಒಂದು ವಾರ ಓಡಿಸಿ ಮತ್ತೆ ಕೆಳಗೆ ಬಗ್ಗಿ ನೋಡಿದೆ. ಎರಡೂ ಕಡೆ ಪೇಂಟ್ ಗೆರೆ ಮುರಿಯದೆ ಹಾಗೇ ಇತ್ತು.