ಕಫ ಪರೀಕ್ಷೆಗೆ ಸ್ಯಾಂಪಲ್ ಕೊಡುವುದು ಹೇಗೆ?

ಎರಡು ವಾರ ಕಳೆದರೂ ಕೆಮ್ಮು ಬಿಟ್ಟಿಲ್ಲ, ಸಂಜೆಯಾದರೆ ಮೈ ಬಿಸಿ, ತೂಕವೂ ಇಳಿದಿದೆ ಅಂದರೆ ಕ್ಷಯ ಇದೆಯಾ ಅಂತ ನೋಡಲು ಡಾಕ್ಟರು ಕಫ ಪರೀಕ್ಷೆ ಬರೆದುಕೊಡುತ್ತಾರೆ. ಸರ್ಕಾರಿ ಆಸ್ಪತ್ರೆಯಲ್ಲಿ ಇದಕ್ಕೆ ದುಡ್ಡಿಲ್ಲ. ಕೈಗೊಂದು ಪ್ಲಾಸ್ಟಿಕ್ ಡಬ್ಬಿ ಕೊಡುತ್ತಾರೆ. ಆದರೆ ಅದರೊಳಗೆ ಏನು ಬೀಳಬೇಕು, ಹೇಗೆ ಬೀಳಬೇಕು ಅಂತ ಬಿಡಿಸಿ ಹೇಳುವವರು ಕಡಿಮೆ. ತುಂಬಾ ಜನ ಎಂಜಲು ಉಗಿದು ಕೊಟ್ಟು ಬರುತ್ತಾರೆ. ಎಂಜಲಲ್ಲಿ ರೋಗಾಣು ಸಿಗದೆ ರಿಪೋರ್ಟ್ ನೆಗೆಟಿವ್ ಬರಬಹುದು, ಕಾಯಿಲೆ ಮಾತ್ರ ಒಳಗೆ ಬೆಳೆಯುತ್ತಲೇ ಇರುತ್ತದೆ.

ಸಾಮಾನ್ಯವಾಗಿ ಎರಡು ಸ್ಯಾಂಪಲ್ ಕೇಳುತ್ತಾರೆ. ಒಂದು ಆಸ್ಪತ್ರೆಯಲ್ಲೇ ಆಗಲೇ ಕೊಡುವುದು, ಇನ್ನೊಂದು ಮರುದಿನ ಬೆಳಿಗ್ಗೆ ಎದ್ದ ಕೂಡಲೇ ತೆಗೆದದ್ದು. ರಾತ್ರಿಯಿಡೀ ಎದೆಯಲ್ಲಿ ಕಟ್ಟಿಕೊಂಡ ಕಫ ಬರುವುದರಿಂದ ಬೆಳಗಿನದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಕಾಫಿ, ತಿಂಡಿಗೆ ಮೊದಲು ಬರೀ ನೀರಿನಲ್ಲಿ ಬಾಯಿ ಮುಕ್ಕಳಿಸಿ. ಹಲ್ಲಿನ ಸೆಟ್ ಇದ್ದರೆ ತೆಗೆದಿಡಿ. ಆಮೇಲೆ ಹಿತ್ತಲಿಗೋ ತಾರಸಿಗೋ, ಗಾಳಿ ಬಿಸಿಲು ಇರುವ, ಪಕ್ಕದಲ್ಲಿ ಯಾರೂ ಇಲ್ಲದ ಕಡೆ ಹೋಗಿ. ಬಚ್ಚಲು, ಟಾಯ್ಲೆಟ್ ಬೇಡವೇ ಬೇಡ, ಕೆಮ್ಮಿದಾಗ ಹೊರಬಿದ್ದ ರೋಗಾಣು ಮುಚ್ಚಿದ ಜಾಗದಲ್ಲಿ ಉಳಿದು ಆಮೇಲೆ ಬಂದವರ ಉಸಿರಿಗೆ ಸೇರಬಹುದು.

ಈಗ ಎದೆ ತುಂಬಾ ಉಸಿರೆಳೆದು, ಸ್ವಲ್ಪ ಹೊತ್ತು ಹಿಡಿದು, ನಿಧಾನವಾಗಿ ಬಿಡಿ. ಎರಡು ಮೂರು ಸಲ ಹೀಗೆ ಮಾಡಿ, ಮತ್ತೊಮ್ಮೆ ಉಸಿರೆಳೆದುಕೊಂಡು ಹೊಟ್ಟೆಯಿಂದ ಜೋರಾಗಿ ಕೆಮ್ಮಿ. ಗಂಟಲು ಕ್ಯಾಕರಿಸಿದರೆ ಸಾಲದು. ಡಬ್ಬಿಯನ್ನು ತುಟಿಗೆ ಹತ್ತಿರ ಹಿಡಿದು ಒಳಗೇ ಬೀಳಿಸಿ. ಗಟ್ಟಿಯಾಗಿ, ಅಂಟಂಟಾಗಿ ಇರಬೇಕು. 2ರಿಂದ 5 ಮಿಲಿಲೀಟರ್, ಅಂದರೆ ಅರ್ಧದಿಂದ ಒಂದು ಟೀ ಚಮಚ ಸಾಕು. ಬರದಿದ್ದರೆ ಬಿಸಿನೀರಿನ ಹಬೆ ತೆಗೆದುಕೊಂಡು ಮತ್ತೆ ಪ್ರಯತ್ನಿಸಿ.

ಹೆಣ್ಣುಮಕ್ಕಳಿಗೆ ಒಂದು ಮಾತು. ನಾಲ್ಕು ಜನರೆದುರು ಜೋರಾಗಿ ಕೆಮ್ಮಿ ಕಫ ತೆಗೆಯಲು ನಾಚಿಕೆ ಆಗುವುದು ಸಹಜ, ಅದಕ್ಕೇ ಮರೆಯ ಜಾಗ ಕೇಳಿ, ಕೇಳುವ ಹಕ್ಕು ನಿಮಗಿದೆ. ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕಫ ತೆಗೆಯುವ ರೀತಿಯನ್ನು ಸರಿಯಾಗಿ ಹೇಳಿಕೊಟ್ಟ ಹೆಂಗಸರಲ್ಲಿ, ಹೇಳಿಕೊಡದವರಿಗಿಂತ ಜಾಸ್ತಿ ಜನರ ಕ್ಷಯ ಪತ್ತೆಯಾಯಿತು. ಬರೀ ಹೇಳಿಕೊಟ್ಟಿದ್ದಕ್ಕೆ! ಆಶಾ ಕಾರ್ಯಕರ್ತೆಯರು, ನರ್ಸ್‌ಗಳು ಡಬ್ಬಿ ಕೊಡುವಾಗ ಎರಡು ನಿಮಿಷ ನಿಂತು ಮಾಡಿ ತೋರಿಸಿದರೆ ಎಷ್ಟೋ ಜೀವ ಉಳಿಯುತ್ತದೆ.

ಮುಚ್ಚಳ ಬಿಗಿಮಾಡಿ, ಕೈ ಸೋಪಿನಲ್ಲಿ ತೊಳೆಯಿರಿ. ಹೆಸರನ್ನು ಡಬ್ಬಿಯ ಮೈಮೇಲೆ ಬರೆಸಿ, ಮುಚ್ಚಳದ ಮೇಲಲ್ಲ, ಮುಚ್ಚಳಗಳು ಅದಲುಬದಲಾಗುತ್ತವೆ. ಬಿಸಿಲಿಗೆ ಇಡದೆ ಅವತ್ತೇ ತಲುಪಿಸಿ.

ಲ್ಯಾಬಿನಲ್ಲಿ ಹಳೆಯ ಕ್ರಮವೆಂದರೆ ಕಫವನ್ನು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ, ಮೈಕ್ರೋಸ್ಕೋಪಿನಲ್ಲಿ ನೋಡುವುದು. ಕ್ಷಯದ ರೋಗಾಣು ಇದ್ದರೆ ನೀಲಿ ಹಿನ್ನೆಲೆಯಲ್ಲಿ ಕೆಂಪು ಕಡ್ಡಿಗಳ ಹಾಗೆ ಕಾಣುತ್ತದೆ. ಆದರೆ ಒಂದು ಮಿಲಿಲೀಟರ್ ಕಫದಲ್ಲಿ ಸಾವಿರಗಟ್ಟಲೆ ಇದ್ದರಷ್ಟೇ ಕಣ್ಣಿಗೆ ಬೀಳುವುದು. ರೋಗಾಣುವಿನ ಡಿಎನ್‌ಎ ಹುಡುಕುವ ಸಿಬಿನಾಟ್, ಟ್ರೂನ್ಯಾಟ್ ಯಂತ್ರಗಳು ಅದಕ್ಕಿಂತ ಎಷ್ಟೋ ಕಡಿಮೆ ಇದ್ದರೂ ಹಿಡಿಯುತ್ತವೆ, ಕ್ಷಯಕ್ಕೆ ಕೊಡುವ ಮುಖ್ಯ ಔಷಧಿ ರಿಫಾಂಪಿಸಿನ್ ನಾಟುತ್ತದೋ ಇಲ್ಲವೋ ಅನ್ನುವುದನ್ನೂ ಹೇಳುತ್ತವೆ. ನಿಮ್ಮದನ್ನು ಯಾವುದರಲ್ಲಿ ನೋಡಿದರು ಅಂತ ಕೇಳಿ. ಬರೀ ಮೈಕ್ರೋಸ್ಕೋಪಿನಲ್ಲಿ ನೆಗೆಟಿವ್ ಬಂದು ಕೆಮ್ಮು ಮುಂದುವರಿದಿದ್ದರೆ, ಯಂತ್ರದ ಪರೀಕ್ಷೆಯನ್ನೂ ಮಾಡಿಸಬೇಕಾ ಅಂತ ಡಾಕ್ಟರನ್ನು ಕೇಳಲೇಬೇಕು.