ಮಾರ್ಕನಲ್ಲಿ ಇಲ್ಲದ ಪದವನ್ನು ಹುಡುಕಿಕೊಂಡು

"ರಕ್ಷಕ" ಅನ್ನುವ ಮಾತನ್ನು ಪ್ರಾರ್ಥನೆಯಲ್ಲಿ, ಹಾಡಿನಲ್ಲಿ, ಪ್ರಸಂಗದಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಕೇಳಿ ಕೇಳಿ ಅದು ಹಳೇ ನಾಣ್ಯದ ಹಾಗೆ ಸವೆದುಹೋಗಿತ್ತು. ನಾನು ಸಂಡೇ ಸ್ಕೂಲಿನಲ್ಲಿ ಪಾಠ ಮಾಡುತ್ತೇನೆ. ಒಂದು ದಿನ ಒಬ್ಬ ಹುಡುಗ, "ಯೇಸು ನಮ್ಮನ್ನ ಯಾವುದರಿಂದ ರಕ್ಷಿಸ್ತಾನೆ ಸರ್?" ಅಂತ ಕೇಳಿದ. ಪಾಪದಿಂದ ಅಂದೆ. "ಅಂದ್ರೆ ಏನು ಮಾಡ್ತಾನೆ?" ಅಂದ. ಬಾಯಿಗೆ ಬಂದ ಉತ್ತರವನ್ನೇ ತಿರುಗಿಸಿ ಹೇಳಿದೆ. ಅವನು ಸುಮ್ಮನಾದ, ಆದರೆ ಒಪ್ಪಲಿಲ್ಲ. ಮುಖ ನೋಡಿದರೆ ಗೊತ್ತಾಗುತ್ತಲ್ಲ.

ಮೊದಲು ನಾನು ಎಲ್ಲರೂ ಮಾಡುವುದನ್ನೇ ಮಾಡಿದೆ. ಬೈಬಲ್ಲಿನ ಪದಸೂಚಿ ತೆಗೆದು "ರಕ್ಷಣೆ" ಬರುವ ವಚನಗಳನ್ನು ಒಂದು ನೋಟ್‌ಬುಕ್ಕಿಗೆ ಇಳಿಸಿದೆ. ಎರಡು ವಾರ ಹಿಡಿಯಿತು. ಕೊನೆಗೆ ಸಿಕ್ಕಿದ್ದು ಗೋಡೆಗೆ ನೇತುಹಾಕುವಂಥ ಚಂದದ ಮಾತುಗಳ ಗಂಟು. ಯಾರು ಯಾರಿಗೆ ಹೇಳಿದ್ದು, ಯಾವಾಗ, ಯಾಕೆ, ಏನೂ ಇಲ್ಲ. ಆ ನೋಟ್‌ಬುಕ್ ಈಗಲೂ ಇದೆ. ತೆಗೆದು ನೋಡುವ ಮನಸ್ಸಾಗುವುದಿಲ್ಲ.

ಆಮೇಲೆ ಒಂದೇ ಪುಸ್ತಕ ಹಿಡಿಯೋಣ ಅಂತ ಮಾರ್ಕನ ಸುವಾರ್ತೆ ತೆಗೆದುಕೊಂಡೆ. ಯೇಸುವಿನ ಬದುಕನ್ನು ಹೇಳುವ ನಾಲ್ಕು ಸುವಾರ್ತೆಗಳಲ್ಲಿ (ಮತ್ತಾಯ, ಮಾರ್ಕ, ಲೂಕ, ಯೋಹಾನ) ಅದೇ ಚಿಕ್ಕದು, 16 ಅಧ್ಯಾಯ. ಅದೇ ಎಲ್ಲಕ್ಕಿಂತ ಹಳೆಯದು ಅಂತ ಹೆಚ್ಚಿನ ವಿದ್ವಾಂಸರು ಹೇಳುತ್ತಾರೆ. ಗಟ್ಟಿಯಾಗಿ ಓದಿದರೂ ಎರಡು ಗಂಟೆಯೊಳಗೆ ಮುಗಿಯುತ್ತದೆ. ಎದ್ದೇಳದೆ ಒಂದೇ ಸಲಕ್ಕೆ ಓದಿದೆ. ಅಷ್ಟು ವರ್ಷ ತುಂಡು ತುಂಡಾಗಿ ಓದಿದ್ದಕ್ಕೂ ಇದಕ್ಕೂ ಎಷ್ಟು ವ್ಯತ್ಯಾಸ! ಮಾರ್ಕನಿಗೆ ಭಾರಿ ಅವಸರ. "ಕೂಡಲೇ, ಕೂಡಲೇ" ಅಂತ ಓಡುತ್ತಲೇ ಇರುತ್ತಾನೆ.

ಎರಡನೇ ಓದಿಗೆ ಕೆಂಪು ಪೆನ್ಸಿಲ್ ಹಿಡಿದು ಕೂತೆ. "ರಕ್ಷಕ" ಎಲ್ಲಿ ಬಂದರೂ ಗೆರೆ ಎಳೆಯಬೇಕು ಅಂತ. ಒಂದೂ ಸಿಗಲಿಲ್ಲ! ಮೂಲ ಗ್ರೀಕಿನಲ್ಲಿ ಪ್ರತಿ ಪದವನ್ನೂ ತೋರಿಸುವ ಒಂದು ಆ್ಯಪ್ ಇದೆ, ಅದರಲ್ಲೂ ನೋಡಿದೆ. ರಕ್ಷಕ ಅನ್ನುವ "ಸೋತೇರ್" ಮಾರ್ಕನಲ್ಲೂ ಇಲ್ಲ, ಮತ್ತಾಯನಲ್ಲೂ ಇಲ್ಲ. ಯೋಹಾನನಲ್ಲಿ ಒಂದೇ ಸಲ, ಅದೂ ಸಮಾರ್ಯದವರ ಬಾಯಲ್ಲಿ.

ಹೆಸರು ಇಲ್ಲದಿದ್ದರೂ ಕೆಲಸ ಇತ್ತು. ಅದೇ ಬೇರಿನ ಕ್ರಿಯಾಪದ "ಸೋಜೋ". ಮಾರ್ಕನಲ್ಲಿ 15 ಸಲ ಬರುತ್ತದೆ. ಅನುವಾದದಲ್ಲಿ ನಮಗೆ ಇದು ಕಾಣದಿರುವುದಕ್ಕೆ ಕಾರಣ, ಒಂದು ಕಡೆ "ಸ್ವಸ್ಥ" ಅಂತ, ಇನ್ನೊಂದು ಕಡೆ "ರಕ್ಷಣೆ" ಅಂತ, ಮತ್ತೊಂದು ಕಡೆ "ಉಳಿಸು" ಅಂತ ಬರುತ್ತದೆ. ಅನುವಾದಕರದ್ದು ತಪ್ಪಲ್ಲ, ಆಯಾ ಜಾಗಕ್ಕೆ ಆ ಪದವೇ ಸರಿ. ಆದರೆ ದಾರ ಮಾತ್ರ ಕಡಿದುಹೋಗುತ್ತದೆ.

ಹದಿನೈದೂ ಕಡೆ ಕೆಂಪು ಗೆರೆ ಎಳೆದೆ. ಪ್ರತಿ ಕಡೆಯೂ "ಉಳಿಸು" ಅಂತ ಇಟ್ಟು ಓದಿದೆ. ಕನ್ನಡದ ಈ ಪದ ಇದಕ್ಕೆಂದೇ ಇದ್ದ ಹಾಗಿದೆ. ಜೀವ ಉಳಿಸುತ್ತೇವೆ, ಮಾನ ಉಳಿಸುತ್ತೇವೆ, ಮನೆ ಉಳಿಸುತ್ತೇವೆ. ಮೂರನೇ ಅಧ್ಯಾಯದಲ್ಲಿ ಕೈ ಬತ್ತಿದವನನ್ನು ನಡುವೆ ನಿಲ್ಲಿಸಿ ಯೇಸು ಕೇಳುತ್ತಾನೆ: ಸಬ್ಬತ್ ಅನ್ನುವ ವಿಶ್ರಾಂತಿಯ ದಿನ ಪ್ರಾಣ ಉಳಿಸುವುದು ಸರಿಯೋ, ತೆಗೆಯುವುದು ಸರಿಯೋ? ಐದನೇ ಅಧ್ಯಾಯದಲ್ಲಿ ಸಭಾಮಂದಿರದ ಮುಖಂಡ ಯಾಯೀರ ಕಾಲಿಗೆ ಬಿದ್ದು, ನನ್ನ ಮಗಳನ್ನು ಉಳಿಸು ಅನ್ನುತ್ತಾನೆ. ಆ ಮನೆಗೆ ಹೋಗುವ ದಾರಿಯಲ್ಲೇ 12 ವರ್ಷದಿಂದ ರಕ್ತ ಹೋಗುತ್ತಿದ್ದ ಹೆಂಗಸು ಹಿಂದಿನಿಂದ ಬಟ್ಟೆ ಮುಟ್ಟುತ್ತಾಳೆ. ಇದ್ದದ್ದನ್ನೆಲ್ಲ ವೈದ್ಯರಿಗೆ ಸುರಿದವಳು. ಯೇಸು ಅವಳನ್ನು "ಮಗಳೇ" ಅಂತ ಕರೆದು, ನಿನ್ನ ನಂಬಿಕೆ ನಿನ್ನನ್ನು ಉಳಿಸಿತು ಅನ್ನುತ್ತಾನೆ. ರೋಗ ಆಗಲೇ ವಾಸಿಯಾಗಿತ್ತು. ಆದರೂ ಅವನು ನಿಂತು, ಯಾರು ಮುಟ್ಟಿದ್ದು ಅಂತ ಕೇಳಿ, ಅವಳನ್ನು ಜನರ ಮುಂದೆ ತಂದ. ಮುಟ್ಟಬಾರದವಳು ಅಂತ ದೂರ ಇಟ್ಟಿದ್ದವಳು ಆ ಗುಂಪಿನ ನಡುವೆ ಮಗಳಾದಳು. ಹುಡುಗನ ಪ್ರಶ್ನೆಗೆ ಉತ್ತರ ಇಲ್ಲಿಂದ ಶುರುವಾಗಬೇಕಿತ್ತು ಅನ್ನಿಸಿತು.

"ಕ್ರಿಸ್ತ" ಅನ್ನುವ ಪದಕ್ಕೂ ಹೀಗೇ ಬೆನ್ನು ಹತ್ತಿದೆ. ಅದು ಹೀಬ್ರೂವಿನ "ಮೆಸ್ಸೀಯ" ಅನ್ನುವುದರ ಗ್ರೀಕ್ ಅನುವಾದ, ಅಂದರೆ ಅಭಿಷೇಕ ಹೊಂದಿದವನು. ಬೈಬಲ್ಲಿನ ಮೊದಲ ಭಾಗವಾದ ಹಳೆಯ ಒಡಂಬಡಿಕೆಯಲ್ಲಿ ರಾಜರಿಗೆ, ಯಾಜಕರಿಗೆ ಎಣ್ಣೆ ಹೊಯ್ದು ಅಭಿಷೇಕ ಮಾಡುತ್ತಿದ್ದರು. ಅದರಲ್ಲಿನ ಪ್ರವಾದಿ ಯೆಶಾಯನ ಪುಸ್ತಕದ 45ನೇ ಅಧ್ಯಾಯದಲ್ಲಿ ಪರ್ಷಿಯದ ರಾಜ ಕೋರೆಷನಿಗೂ ಈ ಮಾತು ಬಂದಿದೆ! ಓದಿ ಬೆಚ್ಚಿದ್ದೆ. ಮಾರ್ಕನಲ್ಲಿ ಯೇಸುವಿನ ತಲೆಗೆ ತೈಲ ಬೀಳುವುದು ಬೇಥಾನ್ಯದಲ್ಲಿ, ಕುಷ್ಠರೋಗಿ ಸೀಮೋನನ ಮನೆಯಲ್ಲಿ, ಹೆಸರೂ ಇಲ್ಲದ ಒಬ್ಬ ಹೆಂಗಸಿನ ಕೈಯಿಂದ. ಅವನೋ ಅದನ್ನು ತನ್ನ ಹೂಣುವಿಕೆಯ ತಯಾರಿ ಅನ್ನುತ್ತಾನೆ.

ಒಂದು ತಪ್ಪನ್ನು ಹೇಳಲೇಬೇಕು. ಹಳೆಯ ಒಡಂಬಡಿಕೆಯನ್ನು ನಾನು ಸಾಕ್ಷಿಗಳ ಪೆಟ್ಟಿಗೆಯ ಹಾಗೆ ಬಳಸುತ್ತಿದ್ದೆ. ಬೇಕಾದ ಒಂದು ವಚನ ಕಿತ್ತುಕೊಂಡು ಮುಚ್ಚಿಬಿಡುವುದು. ಶಿಲುಬೆಯ ಮೇಲಿನ "ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟೆ" ಅನ್ನುವುದು 22ನೇ ಕೀರ್ತನೆಯ ಮೊದಲ ಸಾಲು ಅಂತ ಗೊತ್ತಿತ್ತು. ಕೀರ್ತನೆಯನ್ನು ಪೂರ್ತಿ ಓದಿರಲಿಲ್ಲ. 31 ವಚನವನ್ನೂ ಓದಿದಾಗ ನೋಡುತ್ತೇನೆ, ತಲೆ ಆಡಿಸಿ ಅಣಕಿಸುವವರು, ಬಟ್ಟೆಗೆ ಚೀಟಿ ಹಾಕುವವರು ಎಲ್ಲ ಅಲ್ಲಿದ್ದಾರೆ. ಮತ್ತೆ ಅದೇ ಅಳು ಕೊನೆಗೆ ಸ್ತುತಿಯಾಗುತ್ತದೆ. ಹಾಗಂತ ಆ ಕೂಗಿನ ನೋವನ್ನು ಸ್ತುತಿಯಿಂದ ಮುಚ್ಚಿಬಿಡುವುದು ನನಗೆ ಇಷ್ಟವಿಲ್ಲ. ಮಾರ್ಕ ಮೊದಲ ಸಾಲನ್ನು ಮಾತ್ರ ಬರೆದು ನಿಲ್ಲಿಸಿದ್ದಾನೆ.

ಕೆಂಪು ಗೆರೆ ದಟ್ಟವಾಗಿರುವ ಒಂದು ಜಾಗ ಈ ಕೂಗು ಬರುವ ಮಾರ್ಕನ 15ನೇ ಅಧ್ಯಾಯ. ಮುಖ್ಯಯಾಜಕರು ನಗುತ್ತಾರೆ: ಬೇರೆಯವರನ್ನು ಉಳಿಸಿದ, ತನ್ನನ್ನು ತಾನೇ ಉಳಿಸಿಕೊಳ್ಳಲಾರ. ಇದರ ಪಕ್ಕ 8ನೇ ಅಧ್ಯಾಯದ ಮಾತು ಇಟ್ಟೆ. ಪ್ರಾಣ ಉಳಿಸಿಕೊಳ್ಳಲು ಹೋದವನು ಕಳೆದುಕೊಳ್ಳುತ್ತಾನೆ, ನನಗಾಗಿ ಕಳೆದುಕೊಂಡವನು ಉಳಿಸಿಕೊಳ್ಳುತ್ತಾನೆ ಅಂತ ಯೇಸು ಮೊದಲೇ ಹೇಳಿದ್ದ. 10ನೇ ಅಧ್ಯಾಯದಲ್ಲಿ, ಅನೇಕರಿಗಾಗಿ ತನ್ನ ಪ್ರಾಣವನ್ನೇ ಈಡು ಕೊಡಲು ಬಂದೆ ಅಂದಿದ್ದ. ಪೆನ್ಸಿಲ್ ಕೆಳಗಿಟ್ಟು ತುಂಬ ಹೊತ್ತು ಕೂತಿದ್ದೆ.

ಮುಂದಿನ ಭಾನುವಾರ ಆ ಹುಡುಗನಿಗೆ ಎರಡೂ ಕಡೆ ಓದಿ ತೋರಿಸಿದೆ. ಸ್ವಲ್ಪ ಯೋಚಿಸಿ, "ಹಾಗಾದ್ರೆ ನಕ್ಕವರು ಹೇಳಿದ್ದು ನಿಜಾನೇ ಅಲ್ವಾ ಸರ್?" ಅಂದ.

ಈಗ ಲೂಕ ಓದುತ್ತಿದ್ದೇನೆ. ಎರಡನೇ ಅಧ್ಯಾಯದಲ್ಲೇ ದೇವದೂತ ಕುರುಬರಿಗೆ "ರಕ್ಷಕ" ಅನ್ನುವ ಆ ಪದವನ್ನು ಹೇಳಿಬಿಡುತ್ತಾನೆ. ಪೆನ್ಸಿಲ್ ಮೋಟಾಗಿದೆ.